ಸಂಕೀರ್ಣ ಕೆಡವಿದವರು ಬೀದಿಯನ್ನು ದೂರುವುದೇ?

ಬೆಂಗಳೂರಿನ ಜಯನಗರ ಬಡಾವಣೆಗೆ ನಾಲ್ಕನೇ ಬ್ಲಾಕಿನ ವಾಣಿಜ್ಯ ಸಂಕೀರ್ಣವೇ ಜೀವಾಳವಾಗಿತ್ತು. ತರಕಾರಿ, ಬಟ್ಟೆ, ಪುಟ್ಟಣ್ಣ ಚಿತ್ರಮಂದಿರ ಎಲ್ಲವೂ ಒಂದೇ ಆವರಣದಲ್ಲಿದ್ದವು. ಅಭಿವೃದ್ಧಿಯ ಹೆಸರಿನಲ್ಲಿ ಚಿತ್ರಮಂದಿರ ನೆಲಸಮವಾಯಿತು. ಹೊಸ ಕಟ್ಟಡದ ಕಾಮಗಾರಿ ವರ್ಷಗಟ್ಟಲೆ ಕುಂಟಿತು. ಈ ವೈಫಲ್ಯಕ್ಕೆ ಹೊಣೆ ಯಾರೆಂದು ಯಾರೂ ಕೇಳಲಿಲ್ಲ. ಆದರೆ 2023ರ ನವೆಂಬರ್‌ನಲ್ಲಿ ಪಾಲಿಕೆಯ ಕಣ್ಣಿಗೆ ಬಿದ್ದವರು ಅಲ್ಲಿನ ಬೀದಿಬದಿಯ ಬಡ ವ್ಯಾಪಾರಿಗಳು! ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಅವರನ್ನು ಎಬ್ಬಿಸಕೂಡದೆಂದು 2014ರ ಕಾಯ್ದೆಯೇ ಹೇಳುತ್ತದೆ. ಪಾದಚಾರಿಗಳ ಹಕ್ಕನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬದಲಿ ಜಾಗ ತೋರಿಸದೆ ತಳ್ಳುಗಾಡಿ ಎತ್ತಿಸುವುದು ನ್ಯಾಯವೇ? ತುಮಕೂರಿನಂಚಿನ ಗೂಳೂರಿನಂತಹ ಊರುಗಳಿಗೆ ಇದು ಎಚ್ಚರಿಕೆ. ಮಳಿಗೆಗಳಿಗೆ ಅಡಿಗಲ್ಲು ಹಾಕುವ ಮುನ್ನ ಬೀದಿ ವ್ಯಾಪಾರಿಗೂ ನೆಲ ಗುರುತಿಸಿ. ಬಡವನ ಅನ್ನ ಕಸಿಯುವುದನ್ನು ಅಭಿವೃದ್ಧಿಯೆಂದು ಕರೆಯಲು ನಾವು ಸಿದ್ಧರಿಲ್ಲ.