ಸೊಪ್ಪಿನ ಕಷಾಯಕ್ಕೂ ಅಳತೆ ಬೇಡವೇ?

ಗಿಡಮರಗಳ ಸೊಪ್ಪಿನಿಂದಲೇ ಬೆಳೆಯ ರೋಗಗಳಿಗೆ ಔಷಧಿ ತಯಾರಿಸಬಹುದೆಂಬ ಮಾತಿಗೆ ಕಾಸರಗೋಡಿನಲ್ಲಿ ಬೇರೆಡೆಗಿಂತ ಹೆಚ್ಚು ತೂಕವಿದೆ. 1970ರ ದಶಕದ ಕೊನೆಯಿಂದ 2000ದ ವರೆಗೆ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನಿನ ಫಲವನ್ನು ಪಡ್ರೆಯಂತಹ ಊರಿನ ಮನೆಗಳು ಇಂದಿಗೂ ಉಣ್ಣುತ್ತಿವೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಯಿತು. ವಿಷವಿಲ್ಲದ ಕೃಷಿ ಎಂದವರಿಗೆ ನಮ್ಮವರು ಕಿವಿಗೊಡುವುದು ಸಹಜವೇ. ಆದರೆ ಸೊಪ್ಪು ಅರೆದು ನೀರಿಗೆ ಕಲಸಿ ಚೆಲ್ಲಿದರೆ ಸಾಕೆಂಬ ಭ್ರಮೆ ಬೇಡ.

ತೆಂಗಿನ ಗರಿಯನ್ನೇ ನೋಡೋಣ. ನಮ್ಮಲ್ಲಿ ಅದು ಒಲೆಗೆ ಹೋಗುತ್ತದೆ. ಕೊಯಮುತ್ತೂರಿನ ಕೃಷಿ ವಿಶ್ವವಿದ್ಯಾಲಯದವರು ಅದರಿಂದಲೇ ನೆಲಕಡಲೆಯ ಕುಡಿ ಒಣಗಿಸುವ ವೈರಸ್ ರೋಗಕ್ಕೆ ತಡೆ ಹೇಳಿದ್ದಾರೆ. ಬಲಿತ ಗರಿ ಒಣಗಿಸಿ ಪುಡಿಮಾಡಿ, ಕಿಲೋ ಪುಡಿಗೆ ಎರಡು ಲೀಟರು ನೀರಿನಂತೆ 60 ಡಿಗ್ರಿ ಬಿಸಿಯಲ್ಲಿ ಒಂದು ತಾಸು ಇಟ್ಟು, ಸೋಸಿ, ಹತ್ತು ಲೀಟರು ಮಾಡಿಕೊಳ್ಳಬೇಕು. ಬಿತ್ತಿದ 10ನೇ ದಿನ ಒಮ್ಮೆ, 20ನೇ ದಿನ ಇನ್ನೊಮ್ಮೆ ಸಿಂಪಡಿಸಬೇಕು. ರೋಗ ಹತ್ತಿದ ಮೇಲೆ ಹೊಯ್ದರೆ ಪ್ರಯೋಜನವಿಲ್ಲ.

ಕಹಿಬೇವಿನದೂ ಹೀಗೆಯೇ. ಬೀಜದ ತಿರುಳಿನ ಪುಡಿ ಐದು ಕಿಲೋ, ನೀರು ನೂರು ಲೀಟರು. ರಾತ್ರಿಯಿಡೀ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಎಲೆಗೆ ಅಂಟಲು ಸ್ವಲ್ಪ ಸಾಬೂನು. ಬಿಸಿಲಿಗೆ ಅದರ ಸತ್ವ ಬೇಗ ಕೆಡುವುದರಿಂದ ಸಂಜೆಯ ಹೊತ್ತೇ ಲೇಸು. ಭತ್ತದ ಎಲೆಕವಚ ಕೊಳೆಯುವ ರೋಗಕ್ಕೂ ಇದನ್ನು ಶಿಫಾರಸು ಮಾಡಿದ್ದಾರೆ. ಸೊಪ್ಪಿನದೆಲ್ಲ ನಿರಪಾಯವೆಂದೂ ತಿಳಿಯಬಾರದು. ಹೊಗೆಸೊಪ್ಪಿನ ಕಷಾಯ ಮನುಷ್ಯನಿಗೂ ವಿಷವೇ.

ಅಡಿಕೆಯ ಕೊಳೆರೋಗದ ಮಾತು ಬೇರೆ. ಜಡಿಮಳೆಯಲ್ಲಿ ಹಬ್ಬುವ ಆ ರೋಗಕ್ಕೆ ಬೋರ್ಡೋ ದ್ರಾವಣದ ಜಾಗದಲ್ಲಿ ಯಾವುದೋ ಸೊಪ್ಪಿನ ರಸವನ್ನು ನಂಬಿ ತೋಟ ಕಳೆದುಕೊಳ್ಳಬೇಡಿರೆಂದು ನಮ್ಮ ಕೃಷಿಕರಿಗೆ ಸ್ಪಷ್ಟವಾಗಿ ಹೇಳಬೇಕಾಗಿದೆ. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರು: ಈ ಲೆಕ್ಕ ನಮ್ಮ ಅಜ್ಜಂದಿರ ಕಾಲದಿಂದ ಬಾಯಿಪಾಠವಾಗಿದೆ. ಸೊಪ್ಪಿನ ಔಷಧಿಗಳ ಲೆಕ್ಕ ಹಾಗೆ ಬಾಯಿಗೆ ಬಂದಿಲ್ಲ, ಓದಿಯೇ ತಿಳಿಯಬೇಕು.

ತೊಡಕು ಇಲ್ಲಿಯೇ. ಕೊಯಮುತ್ತೂರಿನ ಪಕ್ಕದ ಪೆರಿಯನಾಯಕನಪಾಳ್ಯದ ರೈತನಿಗೆ ಆ ವಿಶ್ವವಿದ್ಯಾಲಯದ ಸಲಹೆ ಅವನ ತಮಿಳಿನಲ್ಲೇ ದೊರೆಯುತ್ತದೆ. ನಮ್ಮ ಕೃಷಿಭವನದ ಕರಪತ್ರ ಮಲೆಯಾಳದಲ್ಲಿ ಮಾತ್ರ ಇದ್ದರೆ ಪೈವಳಿಕೆಯ ಅಥವಾ ಬೆಳ್ಳೂರಿನ ಗೃಹಿಣಿ ಐದು ಕಿಲೋ ಯಾವುದರದು, ಹತ್ತನೇ ದಿನ ಯಾವುದರಿಂದ ಎಂದು ಯಾರನ್ನು ಕೇಳಬೇಕು? ಕನ್ನಡ ಅಲ್ಪಸಂಖ್ಯಾತರು ಸರಕಾರಕ್ಕೂ ತಮ್ಮ ಪ್ರದೇಶದ ಕಚೇರಿಗಳಿಗೂ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯೇ ಹೇಳುತ್ತದೆ. ಭಾಷೆಯ ಹಕ್ಕೆಂದರೆ ಶಾಲೆ, ನಾಮಫಲಕಗಳಷ್ಟೇ ಎಂದು ನಾವೂ ಭಾವಿಸಿ ಕುಳಿತದ್ದು ಸಾಕು. ಮುಂದಿನ ಬಿತ್ತನೆಗೆ ಮೊದಲು ಸಸ್ಯಜನ್ಯ ಔಷಧಿಗಳ ಅಳತೆ, ಸಮಯಗಳ ಕರಪತ್ರವನ್ನು ಕನ್ನಡದಲ್ಲಿ ಒದಗಿಸಬೇಕೆಂದು ಪ್ರತಿ ಪಂಚಾಯತಿನ ಕೃಷಿಕರೂ ತಮ್ಮ ಕೃಷಿಭವನಕ್ಕೆ ಅರ್ಜಿ ಬರೆಯಲಿ, ಕನ್ನಡದಲ್ಲೇ ಬರೆಯಲಿ.