ಹಾರದಂಥ ಸಂಖ್ಯೆಗೂ ಕಾರಣ ಕೇಳೋಣ

ಮಕ್ಕಳೇ, 12345654321 ಎಂಬ ಸಂಖ್ಯೆಯನ್ನು ನೋಡಿ. 1ರಿಂದ 6ರವರೆಗೆ ಏರುತ್ತದೆ, ಮತ್ತೆ 1ಕ್ಕೆ ಇಳಿಯುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಬಾಯಲ್ಲಿ ಹೇಳುವುದಾದರೆ 1234 ಕೋಟಿ 56 ಲಕ್ಷ 54 ಸಾವಿರದ 321.

ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಈ ಸಂಖ್ಯೆ ಇದೆ. ಗ್ರಂಥದ ಆರಂಭದಲ್ಲಿ ಅವರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾರೆ. ಆತನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ನಮ್ಮ ದರೋಜಿ, ಸಂಡೂರು, ಕಂಪ್ಲಿ ಸೀಮೆಯೂ ಆಗ ರಾಷ್ಟ್ರಕೂಟರ ಆಳ್ವಿಕೆಯಲ್ಲಿತ್ತು. 27994681ನ್ನು 441ರಿಂದ ಗುಣಿಸಿದರೆ ಈ ಸಂಖ್ಯೆ ಬರುತ್ತದೆ. ಹೀಗೆ ಎರಡೂ ಕಡೆಯಿಂದ ಒಂದೇ ರೀತಿ ಕಾಣುವ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು.

"ನಮ್ಮ ಹಿರಿಯರು ಎಂಥ ಜಾಣರು!" ಎಂದು ಹೇಳಿ ಪುಸ್ತಕ ಮುಚ್ಚುವುದು ಸುಲಭ. ಆದರೆ ಅಷ್ಟಕ್ಕೇ ನಿಲ್ಲಬಾರದು ಎಂಬುದು ನನ್ನ ಅಭಿಪ್ರಾಯ. ಈ ಹಾರ ಹೇಗೆ ಆಯಿತು ಎಂದು ಕೇಳಬೇಕು.

ಚಿಕ್ಕದರಿಂದ ಆರಂಭಿಸೋಣ. 11 × 11 = 121. 111 × 111 = 12321. ಎರಡನೆಯ ಲೆಕ್ಕವನ್ನು ಹಾಳೆಯ ಮೇಲೆ ಬಿಡಿಸಿ. 111 ಎಂಬ ಸಾಲು ಮೂರು ಬಾರಿ ಬರುತ್ತದೆ. ಪ್ರತಿ ಸಾಲೂ ಒಂದು ಮನೆ ಎಡಕ್ಕೆ ಸರಿದಿರುತ್ತದೆ. ಕೂಡುವಾಗ ಮೊದಲ ಮನೆಯಲ್ಲಿ ಒಂದೇ 1, ಮುಂದಿನದರಲ್ಲಿ ಎರಡು, ನಡುವೆ ಮೂರು, ಮತ್ತೆ ಎರಡು, ಕೊನೆಗೆ ಒಂದು. ಆದ್ದರಿಂದಲೇ 12321! ಇದೇ ರೀತಿ ಆರು 1ಗಳಿರುವ 111111ನ್ನು ಅದರಿಂದಲೇ ಗುಣಿಸಿದರೆ ನಮ್ಮ ಹಾರ ಸಿದ್ಧ.

ಹಾಗಾದರೆ 27994681 ಮತ್ತು 441 ಎಲ್ಲಿಂದ ಬಂದವು? 111111 = 21 × 5291. 21ರ ವರ್ಗ 441, 5291ರ ವರ್ಗ 27994681. ಗುಟ್ಟು ತಿಳಿಯಿತಲ್ಲವೇ?

ಈ ಹಾರ ಎಷ್ಟು ಉದ್ದ ಬೆಳೆಯಬಹುದು? ಒಂಬತ್ತು 1ಗಳ ವರೆಗೆ ತೊಂದರೆಯಿಲ್ಲ: 12345678987654321. ಹತ್ತು 1ಗಳಾದರೆ ನಡುವಿನ ಮನೆಯ ಮೊತ್ತ 10. ಅಲ್ಲಿ 0 ಬರೆದು, ಕೈಯಲ್ಲಿ ಉಳಿದ 1ನ್ನು ಪಕ್ಕದ ಮನೆಗೆ ಕೂಡಬೇಕು. ಉತ್ತರ 1234567900987654321. ಹಾರ ಹರಿಯಿತು! ಕಾರಣ ಗೊತ್ತಿದ್ದವರಿಗೆ ಅದು ಎಲ್ಲಿ ಹರಿಯುತ್ತದೆ ಎಂಬುದೂ ಮೊದಲೇ ಗೊತ್ತು.

"ಇದು ಪರೀಕ್ಷೆಗೆ ಬರುತ್ತದೆಯೇ? ಕ್ಯಾಲ್ಕ್ಯುಲೇಟರ್ ಇದೆಯಲ್ಲ?" ಎಂದು ಕೆಲವರು ಕೇಳಬಹುದು. ಎಂಟು ಅಂಕಿಗಳ ಕ್ಯಾಲ್ಕ್ಯುಲೇಟರಿನಲ್ಲಿ ಈ ಹನ್ನೊಂದು ಅಂಕಿಗಳು ಹಿಡಿಯುವುದೇ ಇಲ್ಲ. ಮೊಬೈಲ್ ಉತ್ತರ ತೋರಿಸೀತು. ಆದರೆ ಉತ್ತರದ ಹಿಂದಿನ ಕಾರಣವನ್ನು ನಾವೇ ಯೋಚಿಸಿ ತಿಳಿದಾಗಲೇ ಅದು ನಮ್ಮದಾಗುತ್ತದೆ. "ಈ ಸಂಖ್ಯೆ ಅದೃಷ್ಟದ್ದು, ಆ ಸಂಖ್ಯೆ ಅಶುಭ" ಎನ್ನುವವರು ಊರೂರಲ್ಲೂ ಇದ್ದಾರೆ. ಅಂಥವರ ಮುಂದೆ "ಏಕೆ? ತೋರಿಸಿ" ಎಂದು ಕೇಳುವ ಧೈರ್ಯ ಇಂಥ ಲೆಕ್ಕಗಳಿಂದಲೇ ಬರುತ್ತದೆ.

ಏಳು 1ಗಳಿರುವ ಸಂಖ್ಯೆಯ ವರ್ಗವನ್ನು ಗುಣಿಸದೆಯೇ ಬರೆಯಬಲ್ಲಿರಾ? ಬರೆದ ಮೇಲೆ ಗುಣಿಸಿ, ಸರಿಯೇ ಎಂದು ನೋಡಿ. ಪಕ್ಕದಲ್ಲಿ ಕುಳಿತ ಗೆಳೆಯರಿಗೆ ಉತ್ತರವನ್ನಷ್ಟೇ ಹೇಳಬೇಡಿ, ಕಾರಣವನ್ನೂ ಹೇಳಿ.