ತಂದೆ ಕಾರ್ಯಪ್ಪ

ಶನಿವಾರಸಂತೆಯಲ್ಲಿ 1899ರಲ್ಲಿ ಜನಿಸಿ, 1949ರಲ್ಲಿ ಭೂಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾದ ಕೆ. ಎಂ. ಕಾರ್ಯಪ್ಪನವರು 94 ವರ್ಷಗಳ ತುಂಬುಬಾಳು ಬಾಳಿ, 1993ರಲ್ಲಿ ತೀರಿಕೊಂಡರು. ಅವರ ಪದವಿಗಳನ್ನು ಎಲ್ಲರೂ ಬಲ್ಲರು. ನೆನೆಯಬೇಕಾದುದು ಅವರೊಳಗಿದ್ದ ತಂದೆಯನ್ನು.

1965ರ ಯುದ್ಧದಲ್ಲಿ, ವಾಯುಪಡೆಯಲ್ಲಿದ್ದ ಮಗ ನಂದ ಅವರ ವಿಮಾನವು ಗುಂಡೇಟಿಗೆ ಉರುಳಿ, ಅವರು ಪಾಕಿಸ್ತಾನದ ಸೆರೆಯಾಳಾದರು. ಅಲ್ಲಿಯ ಅಧ್ಯಕ್ಷ ಅಯೂಬ್ ಖಾನರು ದೇಶ ಇಬ್ಭಾಗವಾಗುವ ಮುನ್ನ ಕಾರ್ಯಪ್ಪನವರ ಕೈಕೆಳಗೆ ಸೇವೆ ಸಲ್ಲಿಸಿದ್ದವರು. ಹಳೆಯ ಗೌರವದಿಂದ, ನಂದರನ್ನು ಚೆನ್ನಾಗಿ ನೋಡಿಕೊಳ್ಳುವುದಾಗಿ ಹೇಳಿಕಳುಹಿಸಿದರು. ತಂದೆಯಾದವನಿಗೆ ಇನ್ನೇನು ಬೇಕು? ಕಾರ್ಯಪ್ಪನವರು ಒಪ್ಪಲಿಲ್ಲ. ಸೆರೆಯಲ್ಲಿರುವ ಭಾರತೀಯ ಯೋಧರೆಲ್ಲರೂ ತಮ್ಮ ಮಕ್ಕಳೇ, ಅವರಿಗಿಲ್ಲದ ಉಪಚಾರ ನಂದನೊಬ್ಬನಿಗೆ ಬೇಡವೆಂದರು.

ನಾಲ್ಕು ತಿಂಗಳ ಆ ಕಾಯುವಿಕೆ ಎಂತಹುದೆಂಬುದನ್ನು ಮಕ್ಕಳಿದ್ದವರು ಬಲ್ಲರು. ನಂದ ಅವರು ಸ್ವದೇಶಕ್ಕೆ ಮರಳಿದುದು 1966ರ ಜನವರಿಯಲ್ಲಿ.